ಲೀಲಾ ರೊಟ್ಟಿ ಕೇಳಿದ ಮಧ್ಯಾಹ್ನ

ಆ ಬೇಸಿಗೆಯ ಒಂದು ಮಧ್ಯಾಹ್ನ ನೀನು ನನ್ನ ಹತ್ತಿರ ಒಂದು ರೊಟ್ಟಿ ಕೇಳಿದ್ದೆ, ಲೀಲಾ. ನಾನು ಕೊಡಲಿಲ್ಲ. ಮನೆಯಲ್ಲಿ ಹಿಟ್ಟಿರಲಿಲ್ಲ ಎಂದಲ್ಲ — ಒಲೆಯ ಮೇಲೆ ಹಂಚು ಕಾದಿತ್ತು, ಬುಟ್ಟಿಯಲ್ಲಿ ಆಗಲೇ ನಾಲ್ಕು ರೊಟ್ಟಿ ಇದ್ದವು, ಐದನೆಯದನ್ನು ಬಡಿಯುತ್ತಿದ್ದೆ. ಹೊಟ್ಟೆಗಿಲ್ಲದೆ ನೀನು ಕರಗುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದೂ ಅಲ್ಲ. ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಕೊಡಲಿಲ್ಲ. ಆಮೇಲೆ ಬೀದರಿನ ಡಾಕ್ಟರಮ್ಮನ ಮುಂದೆ ಕೂತು, "ಒಂದ್ ದಿನಾನೂ ಕೇಳ್ಲಿಲ್ರಿ" ಎಂದೆ. ನಿಮ್ಮಪ್ಪನಿಗೂ ಅದನ್ನೇ ಹೇಳಿದೆ. ಬಂಧು-ಬಳಗಕ್ಕೂ ಅದನ್ನೇ ಹೇಳಿದೆ. ಕಡೆಗೆ ನಿನಗೂ.

ಈ ನಾಲ್ಕು ಸಾಲು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ನಿನಗೆ ಗೊತ್ತಿರುವ ಸಂಗತಿಗಳನ್ನೂ ಇದರಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ಡಾಕ್ಟರಮ್ಮನೂ ಓದಲಿ ಎಂಬುದು ನನ್ನ ಆಸೆ. ಅವರಿಗೆ ಹಿಂದು-ಮುಂದು ತಿಳಿಯಬೇಕು.

ನನ್ನ ಬಾಯಿ ಎಂಥ ಜೋರು ಎಂದು ನಮ್ಮೂರು ಭಾತಂಬ್ರಾಕ್ಕೆಲ್ಲ ಗೊತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಅಂಗನವಾಡಿ ನಡೆಸಿದವಳು ನಾನು. ಯಾವ ಮನೆಯ ಕೂಸು ಎಷ್ಟು ತೂಗುತ್ತದೆ, ಯಾವ ಮನೆಯಲ್ಲಿ ಕೂಸಿನ ಪಾಲಿನ ಹಿಟ್ಟು ದೊಡ್ಡವರ ಹೊಟ್ಟೆ ಸೇರುತ್ತದೆ, ಎಲ್ಲ ನನ್ನ ಬೆರಳ ತುದಿಯಲ್ಲಿ. "ಏನವ್ವಾ, ಕೂಸಿಗಿ ಉಣಸ್ತಿಯೋ ಇಲ್ಲಾ ಬರೇ ಪೌಡರ್ ಹಚ್ಚಿ ಕಳಸ್ತಿಯೋ?" ಎಂದು ಬಾಗಿಲಲ್ಲೇ ನಿಲ್ಲಿಸಿ ಎಷ್ಟು ತಾಯಂದಿರ ನೀರಿಳಿಸಿದ್ದೇನೋ ಲೆಕ್ಕವಿಲ್ಲ. ಮಕ್ಕಳ ತೋಳಿಗೆ ಸುತ್ತಿ ನೋಡುವ ಪಟ್ಟಿಯೊಂದನ್ನು ಇಲಾಖೆಯವರು ಕೊಟ್ಟಿದ್ದಾರೆ — ಹಸಿರು ಬಂದರೆ ನಿಶ್ಚಿಂತೆ, ಕೆಂಪು ಬಂದರೆ ಆಸ್ಪತ್ರೆ. ಆ ಪಟ್ಟಿ ಯಾವಾಗಲೂ ನನ್ನ ಚೀಲದಲ್ಲೇ ಇರುತ್ತಿತ್ತು. ಇಂಥವಳ ಮನೆಯಲ್ಲೇ — ಹೋಗಲಿ, ಅದನ್ನು ಆಮೇಲೆ ಹೇಳುತ್ತೇನೆ.

ನೀನು ಆರನೆಯ ಇಯತ್ತೆಯಲ್ಲಿದ್ದಾಗ ಒಂದು ಕೆಟ್ಟ ಬರ ಬಂತು, ನೆನಪಿದೆಯೇ? ಕೊಡ ಸಾಲಾಗಿಟ್ಟು ಟ್ಯಾಂಕರಿನ ದಾರಿ ಕಾಯುತ್ತಿದ್ದ ವರ್ಷ. ನಮ್ಮ ಓಣಿಯ ಅರ್ಧ ಮಂದಿ ಪುಣೆ, ಹೈದರಾಬಾದ್ ಎಂದು ಗಂಟು ಕಟ್ಟಿದರು. ಪಕ್ಕದ ಮನೆಯ ಕಾಶೀಬಾಯಿಯ ಮಗ ಮಲ್ಲು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದದ್ದೂ ಆಗಲೇ. ನಮಗೇನೂ ಉಪವಾಸ ಬೀಳುವ ಹೊತ್ತು ಬರಲಿಲ್ಲ. ನಿಮ್ಮಪ್ಪನದು ಸರಕಾರಿ ಸಂಬಳ. ಆದರೆ ಹೋಗುವವರು ಹೋಗುವ ಮುಂಚೆ ನಮ್ಮ ಪಡಸಾಲೆಯಲ್ಲಿ ಕೂತು ಉಂಡು ಹೋಗುತ್ತಿದ್ದರು. ಅವರಿಗೆ ಬಡಿಸುವಾಗ ನೀನು ನಿನ್ನ ತಾಟನ್ನು ಪಕ್ಕಕ್ಕೆ ಸರಿಸಿ, "ನನಗ ಹಸಿವಿಲ್ಲವ್ವಾ, ಅವ್ರಿಗಿ ಕೊಡು" ಎನ್ನುತ್ತಿದ್ದೆ. ಹನ್ನೊಂದು ವರ್ಷದ ಹುಡುಗಿ! ನಾನು ಊರೆಲ್ಲ ಹೇಳಿಕೊಂಡು ಬಂದೆ. ನೀನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅಲ್ಲಿಂದಲೇ ಶುರುವಾಯಿತು ಎಂದು ನಾನು ಹೇಳಲಾರೆ; ಹಾಗೆ ಒಂದೇ ಕಡೆ ಬೇರು ಹುಡುಕಬೇಡಿ ಎಂದು ಡಾಕ್ಟರಮ್ಮನೇ ಅಂದಿದ್ದಾರೆ. ಆದರೆ ಉಣ್ಣದಿದ್ದರೆ ಅವ್ವನಿಗೆ ಸಂತೋಷ ಎಂದು ಕಲಿಸಿದವಳು ನಾನೇ ಇರಬೇಕು ಎಂದು ಒಂದೊಂದು ಸಲ ಅನಿಸುತ್ತದೆ.

ಬೀದರಿನ ಕಾಲೇಜಿನಲ್ಲಿ ಎರಡನೆಯ ವರ್ಷ ಓದುವಾಗ ಹಾಸ್ಟೆಲಿನವರು ನನಗೆ ಫೋನ್ ಮಾಡಿ ಕರೆಸಿದರು. ನೀನು ಊಟದ ಕೋಣೆಗೆ ಬರುವುದನ್ನೇ ಬಿಟ್ಟಿದ್ದೆ. ನಾನು ಬಂದವಳೇ ನಾಲ್ಕು ಮಂದಿಯ ಎದುರಿಗೆ ನಿನಗೆ ಬೈದೆ. ಆಗ ನಿನ್ನ ಕೋಣೆಯ ಗೆಳತಿಯರಿಬ್ಬರೇ ಈ ಡಾಕ್ಟರಮ್ಮನ ಹೆಸರು ಹೇಳಿದರು. ಮನಸ್ಸಿನ ಡಾಕ್ಟರು ಎಂದು ಕೇಳಿ, ಅಂಜುತ್ತಲೇ ನಿನ್ನನ್ನು ಕರೆದುಕೊಂಡು ಹೋದೆ. ಅವರು ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇದು ಹಟ ಅಲ್ರಿ ಅಮ್ಮಾ, ಜಡ್ಡು. ಹುಡುಗಿಗಿ ಬೈಬ್ಯಾಡ್ರಿ. ಉಣ್ಣಲಿಲ್ಲಂತ ಹೊಗಳ್ಲಂತೂ ಬ್ಯಾಡ್ರಿ. ಟೈಮಿಗಿ ಸರಿಯಾಗಿ ಮುಂದ ಕುಂತು ಉಣ್ಸ್ರಿ, ಸಾಕು."

ಅಷ್ಟೇ ಹೇಳಿದ್ದು. ಕಷ್ಟದ ಮಾತೇನೂ ಇರಲಿಲ್ಲ ಅದರಲ್ಲಿ.

ನಾನು ಮಾಡದ್ದನ್ನು ನಿನ್ನ ಗೆಳತಿಯರು ಮಾಡಿದರು. ಒಂಬತ್ತಕ್ಕೆ, ಒಂದೂವರೆಗೆ, ಎಂಟಕ್ಕೆ — ಗಡಿಯಾರ ನೋಡಿ ನಿನ್ನನ್ನು ನಡುವೆ ಕೂಡಿಸಿಕೊಂಡು ಉಂಡರು. ಹದಿನೈದು ದಿನಕ್ಕೊಮ್ಮೆ ಡಾಕ್ಟರಮ್ಮನಲ್ಲಿಗೆ ಕರೆದೊಯ್ದರು. ಸಂಕ್ರಾಂತಿಗೆ ಮನೆಗೆ ಬಂದಾಗ ನಿನ್ನ ಗಲ್ಲದಲ್ಲಿ ರಕ್ತ ಕಾಣಿಸಿತ್ತು. ಮಾದಲಿ ಎರಡು ಸಲ ಹಾಕಿಸಿಕೊಂಡಿದ್ದೆ. ನಾನು ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಮುಗಿಯಿತು, ಗೆದ್ದೆವು ಎಂದುಕೊಂಡೆ.

ಆಮೇಲೆ ಆ ಬ್ಯಾನೆ ಬಂತು. ದೇಶವೇ ಬಾಗಿಲು ಹಾಕಿಕೊಂಡಿತು, ಹಾಸ್ಟೆಲ್ ಬಿಟ್ಟುಬಿಡಿ ಎಂದರು, ನೀನು ಒಂದು ಚೀಲ ಹಿಡಿದು ಕಡೆಯ ಬಸ್ಸಿಗೆ ಮನೆಗೆ ಬಂದೆ. ಗೆಳತಿಯರು ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ಬೀದರಿಗೆ ಹೋಗುವಂತಿಲ್ಲ, ಡಾಕ್ಟರಮ್ಮನನ್ನು ನೋಡುವಂತಿಲ್ಲ. ನಿನ್ನನ್ನು ಹಿಡಿದು ನಿಲ್ಲಿಸಿದ್ದ ಎಲ್ಲವೂ ಒಂದೇ ವಾರದಲ್ಲಿ ಹೋದವು. ಅದು ನಿನಗೆ ಎಂಥ ಹೊಡೆತ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಮಗಳು ಮನೆಗೆ ಬಂದಳು, ಇನ್ನು ಕಣ್ಣೆದುರಿಗೇ ಇರುತ್ತಾಳೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆದರೆ ನಾನು ಎಲ್ಲಿದ್ದೆ ನಿನ್ನ ಕಣ್ಣೆದುರಿಗೆ? ಬೆಳಿಗ್ಗೆ ಎಂಟಕ್ಕೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಟರೆ ಮನೆ-ಮನೆ ಸರ್ವೆ. ಯಾರಿಗೆ ಜ್ವರ, ಯಾರಿಗೆ ಕೆಮ್ಮು, ಯಾರು ಪರಊರಿಂದ ಬಂದರು. ಅದು ಮುಗಿದರೆ ಮಕ್ಕಳ ರೇಶನ್ನು ಮನೆ ಬಾಗಿಲಿಗೆ ಮುಟ್ಟಿಸಬೇಕು. ಮೂರು ಗಂಟೆಗೆ ತಿರುಗಿ ಬಂದು, "ಉಂಡಿಯೇನವಾ?" ಎನ್ನುತ್ತಿದ್ದೆ. "ಹ್ಞೂಂ" ಎನ್ನುತ್ತಿದ್ದೆ ನೀನು. ಬುಟ್ಟಿಯ ರೊಟ್ಟಿ ಎಣಿಸಿದ್ದರೆ ತಿಳಿಯುತ್ತಿತ್ತು. ಎಣಿಸಲಿಲ್ಲ — ತಿಳಿಯುವುದು ಬೇಡವಾಗಿತ್ತು.

ಫೋನಿನಲ್ಲಿ ದಿನಕ್ಕೆ ಹತ್ತು ಸಂದೇಶ ಬರುತ್ತಿದ್ದವು ನಿನಗೆ. ಮನೆಯಲ್ಲಿ ಕೂತು ಮೈ ಬೆಳೆಸಬೇಡಿ, ಹೀಗೆ ಜಿಗಿಯಿರಿ, ಹಾಗೆ ಬಗ್ಗಿರಿ ಎಂದು. ನಮಗೆಲ್ಲ ಅದು ನಗೆಚಾಟಿಕೆ. ನೀನು ಅದನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ರಣಬಿಸಿಲಿನಲ್ಲಿ ಮಾಳಿಗೆ ಹತ್ತಿ ಸುತ್ತು ಹಾಕತೊಡಗಿದೆ. ಕೆಳಗೆ ಕೂತು ಅಕ್ಕಿ ಆರಿಸುವಾಗ ನನ್ನ ತಲೆಯ ಮೇಲೆ ನಿನ್ನ ಹೆಜ್ಜೆ ಕೇಳಿಸುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ನೀನು ಕಾಯಿಪಲ್ಲೆಯನ್ನು ಸಾಬೂನಿನಲ್ಲಿ ತೊಳೆಯುತ್ತಿದ್ದೆ, ಆಮೇಲೆ ಯಾರು ಮುಟ್ಟಿದ್ದೋ ಏನೋ ಎಂದು ಅದನ್ನು ತಿನ್ನುವುದನ್ನೂ ಬಿಟ್ಟೆ. ಬ್ಯಾನೆಯ ಅಂಜಿಕೆ ಎಂದುಕೊಂಡೆ. ಎಲ್ಲರಿಗೂ ಇತ್ತಲ್ಲ ಆ ಅಂಜಿಕೆ.

ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿದರು. ನಿನ್ನನ್ನು ಪ್ರತಿ ಸೋಮವಾರ ತೂಗಿ ತಿಳಿಸಿ ಎಂದರು — ತೂಕ ಮಾಡುವುದು ನನ್ನ ಕೆಲಸವೇ ಅಲ್ಲವೇ! "ಛಲೋ ಅದಾಳ್ರಿ ಮೇಡಂ, ಉಣ್ತಾಳ್ರಿ" ಎಂದು ಫೋನಿಟ್ಟೆ. ತೂಗಿದಾಗ ಬಂದ ಅಂಕಿಯನ್ನು ನಾನು ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅಂಕಿಗಳು ನಿನಗೆ ಕೊಟ್ಟ ಕಾಟ ಸಾಕು. ಒಂದು ಮಧ್ಯಾಹ್ನ ನೀನು ಮಲಗಿದ್ದಾಗ ನನ್ನ ಚೀಲದಿಂದ ಆ ತೋಳಿನ ಪಟ್ಟಿ ತೆಗೆದೆ. ಅದು ಐದು ವರ್ಷದೊಳಗಿನ ಮಕ್ಕಳಿಗೆ, ದೊಡ್ಡವರಿಗಲ್ಲ. ಅದು ಗೊತ್ತಿದ್ದೂ ತೆಗೆದೆ. ಸುತ್ತಿ ನೋಡುವ ಧೈರ್ಯವಾಗಲಿಲ್ಲ. ಮಡಚಿ ಒಳಗಿಟ್ಟು ಮುಸುರೆ ತಿಕ್ಕಲು ಹೋದೆ.

ಅದೇ ವಾರ ಕಾಶೀಬಾಯಿ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಸೆರಗು ಮೂಗಿಗೆ ಹಿಡಿದು ಕಟ್ಟೆಯ ಕೆಳಗೇ ನಿಂತಳು.

"ಸಂಗಮ್ಮಾ, ಸಿಟ್ಟಾಗಬ್ಯಾಡ ನೋಡು. ನಿನ್ ಮಗಳು ಬೀದರದಿಂದ ಬಂದಾಗಿಂದ ಹೊರಗ ಬಂದಿಲ್ಲ. ಒಣಗಿ ಕಟಗಿ ಆಗ್ಯಾಳ ಅಂತ ಮಂದಿ ಮಾತಾಡ್ಲಕತ್ತಾರ. ಆ ಬ್ಯಾನಿ ಏನರ ಹತ್ಯಾದೇನ? ಹಂಗಿದ್ರ ಪಂಚಾಯ್ತಿಗಿ ಹೇಳ್ಬೇಕಾಗ್ತದ."

ಪಂಚಾಯಿತಿಗೆ ಹೇಳಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹೆಸರುಗಳ ಪಟ್ಟಿ ಬರೆಯುತ್ತಿದ್ದವಳೇ ನಾನು. ನಿನ್ನನ್ನು ಶಾಲೆಯ ಕೋಣೆಯಲ್ಲಿ ಇಡುತ್ತಿದ್ದರು, ನಮ್ಮ ಬಾಗಿಲಿಗೆ ಕಾಗದ ಅಂಟಿಸುತ್ತಿದ್ದರು, ನನ್ನನ್ನು ಯಾವ ಮನೆಯೂ ಹೊಸ್ತಿಲಿಗೆ ಸೇರಿಸುತ್ತಿರಲಿಲ್ಲ. ಇದು ಬೇರೆ ಜಡ್ಡು, ಮನಸ್ಸಿನದು ಎಂದು ಹೇಳಬಹುದಿತ್ತು. ಆ ಮಾತು ನಾಲಗೆಯ ತನಕ ಬಂತು. ಮನಸ್ಸಿನ ಜಡ್ಡು ಎಂದರೆ ಹುಚ್ಚು ಎನ್ನುತ್ತಾರೆ, ನಿನ್ನ ಲಗ್ನ — ಏನೇನೋ ಒಂದೇ ಸಲಕ್ಕೆ ತಲೆಯಲ್ಲಿ ತಿರುಗಿದವು.

"ಏನ್ ಮಾತಾಡ್ತಿ ಕಾಶಕ್ಕಾ! ಜಡ್ಡೂ ಇಲ್ಲ ಗಿಡ್ಡೂ ಇಲ್ಲ. ವ್ರತ ಹಿಡ್ದಾಳ. ಈ ಬ್ಯಾನಿ ಊರ ಬಿಟ್ಟು ಹೋಗೋತನಾ ಒಂದ್ಹೊತ್ತು ಹಾಲಿನ ಮ್ಯಾಲ ಇರ್ತೇನಿ ಅಂದಾಳ."

ಕಾಶೀಬಾಯಿಯ ಮುಖವೇ ಬದಲಾಯಿತು. ಮೂಗಿನ ಸೆರಗು ಬಿಟ್ಟು, ಎರಡೂ ಕೈ ಎತ್ತಿ ಹಣೆಗೆ ಹಚ್ಚಿಕೊಂಡಳು. "ಹೌದೇನ್ ನಮ್ಮವ್ವಾ! ಏನ್ ಹೊಟ್ಟೀಲೆ ಹಡದೀ ತಾಯಿ!" ಎಂದಳು.

ನೀನು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದೆ. "ಅವ್ವಾ, ಹಂಗ್ಯಾಕ ಹೇಳ್ದಿ?" ಎಂದೆ. "ಮತ್ತೇನ್ ಹೇಳ್ಲಿ? ಸಾಲ್ಯಾಗ ಹೋಗಿ ಮಲಗ್ತಿಯೇನ್?" ಎಂದು ದಬಾಯಿಸಿದೆ. ನಿನ್ನ ಮುಖದಲ್ಲಿ ಒಂಥರದ ಸಮಾಧಾನ ಕಂಡಿತು. ಅದೇನೆಂದು ಆಗ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ಇನ್ನು ಮೇಲೆ ಉಣ್ಣು ಎಂದು ಯಾರೂ ಹೇಳುವಂತಿರಲಿಲ್ಲ. ನಿನ್ನ ಜಡ್ಡಿಗೆ ನಾನೇ ಒಂದು ದೊಡ್ಡ ಹೆಸರು ಇಟ್ಟುಕೊಟ್ಟಿದ್ದೆ.

ಅಷ್ಟಕ್ಕೇ ನಿಂತಿದ್ದರೆ — ನಿಲ್ಲಲಿಲ್ಲ. ಪುಣೆಯಲ್ಲಿ ಕೆಲಸ ನಿಂತು, ಮಲ್ಲು ನಡೆದೇ ಊರಿಗೆ ಹೊರಟಿದ್ದ. ಫೋನಿನ ಚಾರ್ಜು ಮುಗಿದು ಎರಡು ದಿನ ಸುದ್ದಿಯಿಲ್ಲ. ಕಾಶೀಬಾಯಿ ಓಡಿ ಬಂದಳು. ಈ ಸಲ ಸೀದಾ ಪಡಸಾಲೆಗೇ ಬಂದು ನಿನ್ನ ಎದುರಿಗೆ ಕುಕ್ಕರಿಸಿದಳು. "ಲೀಲಾ, ನನ್ ಮಲ್ಲೂನ ಹೆಸರೀಲೆ ಒಂದಿನ ಹೆಚ್ಚಿಗಿ ಹಿಡಿಯವ್ವಾ. ನಿನ್ ಕೈ ಮುಗೀತೇನಿ." ನೀನು ಗೋಣು ಹಾಕಿದೆ. ಆ ದಿನ ಹಾಲನ್ನೂ ಬಿಟ್ಟೆ. ನಾನು ನೋಡಿದೆ. ಲೋಟ ತುಂಬ ಇದ್ದ ಹಾಲನ್ನು ನಾನೇ ಎತ್ತಿ ಹೆಪ್ಪು ಹಾಕಿದೆ.

ಮಲ್ಲು ನಾಲ್ಕನೆಯ ದಿನ ಒಂದು ಲಾರಿ ಹತ್ತಿ ಗಡಿ ಮುಟ್ಟಿದ. ಕಾಲಲ್ಲಿ ಬೊಬ್ಬೆ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅವನನ್ನು ಶಾಲೆಯಲ್ಲಿ ಇಟ್ಟರು. ಕಾಶೀಬಾಯಿ ಊರ ತುಂಬ ಹೇಳಿದಳು, ಲೀಲಾನ ಉಪವಾಸವೇ ನನ್ನ ಮಗನನ್ನು ಕರೆದುಕೊಂಡು ಬಂತು ಎಂದು. ಆ ಬರದ ವರ್ಷ ಗುಳೇ ಹೋದ ಮನೆಗಳಲ್ಲಿ ಒಂದೊಂದರಲ್ಲೂ ಒಬ್ಬೊಬ್ಬ ಮಗ, ಅಳಿಯ, ಗಂಡ ದಾರಿಯಲ್ಲಿದ್ದ. ಆ ಮನೆಗಳ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ನಿನ್ನ ಎದುರಿಗೆ ಕೂತು ತಮ್ಮವರ ಹೆಸರು ಹೇಳಿ ಹೋಗುತ್ತಿದ್ದರು. ನಿನ್ನನ್ನು ಶರಣಿ ಎಂದರು. ಇಪ್ಪತ್ತು ವರ್ಷದ ನನ್ನ ಮಗಳು, ತಾನು ತುತ್ತು ಎತ್ತಿದರೆ ಯಾರದೋ ಗಂಡ ದಾರಿಯಲ್ಲಿ ಬೀಳುತ್ತಾನೆ ಎಂದು ನಂಬತೊಡಗಿದಳು. ಒಮ್ಮೆ ನೀನೇ ಅಂದೆ, "ಅವ್ವಾ, ಇನ್ನೂ ಮೂರು ಮಂದಿ ಬರೋದದ, ಅವ್ರು ಬರ್ಲಿ ತಡಿ." ನನಗೆ ಕೇಳಿಸಿತು. ಕೇಳಿಸಿಯೂ ಚೀಲ ಹೆಗಲಿಗೇರಿಸಿ ಸರ್ವೆಗೆ ಹೊರಟೆ.

ಇನ್ನೊಂದು ಮಾತು. ಇದನ್ನು ಹೇಳದಿದ್ದರೆ ಬರೆದದ್ದೆಲ್ಲ ಬೂಟಾಟಿಕೆ. ನನಗೆ ಹಿತವಾಗಿತ್ತು, ಲೀಲಾ. ಸರ್ವೆಗೆ ಹೋದರೆ ಮುಖದ ಮೇಲೆ ಬಾಗಿಲು ಹಾಕುತ್ತಿದ್ದ ಮನೆಗಳು ಈಗ "ಬರ್ರಿ ಟೀಚರ್, ಶರಣಿ ಹ್ಯಾಂಗ್ ಅದಾಳ್ರಿ?" ಎಂದು ಕರೆಯುತ್ತಿದ್ದವು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವು. ನಾನು ಸೆರಗು ಸರಿಮಾಡಿಕೊಂಡು, ದೊಡ್ಡ ಮನುಷ್ಯಳ ಹಾಗೆ, "ಏನ್ ಮಾಡೋದ್ರಿ, ಎಷ್ಟ್ ಹೇಳಿದ್ರೂ ಕೇಳಂಗಿಲ್ಲ" ಎನ್ನುತ್ತಿದ್ದೆ. ಹೊಗಳಬೇಡಿ ಎಂದು ಡಾಕ್ಟರಮ್ಮ ಅಂದಿದ್ದರಲ್ಲ. ನಾನೊಬ್ಬಳೇ ಹೊಗಳಲಿಲ್ಲ, ಊರಿನಿಂದಲೇ ಹೊಗಳಿಸಿದೆ.

ಆ ದಿನ ಶುಕ್ರವಾರ. ನಾನು ರಜೆ ಹಾಕಿದ್ದೆ, ಯಾಕೆಂದರೆ ಆರೇಳು ಹೆಂಗಸರು ನಿನಗೆ ಉಡಿ ತುಂಬಲು ಬರುವವರಿದ್ದರು. ಮದುವೆಯಾಗದ ಹುಡುಗಿಗೆ ಹೀಗೆ ಉಡಿ ತುಂಬುವುದು ನಮ್ಮಲ್ಲಿ ರೂಢಿಯಿಲ್ಲ. ಅವರು ದೇವಿಗೆ ತುಂಬಿದ ಹಾಗೆ ತುಂಬುತ್ತೇವೆ ಎಂದರು, ನಾನು ಹೂಂ ಎಂದೆ. ದೂರ ದೂರ ಕೂಡಿರಿ ಎಂದು ಊರಿಗೆಲ್ಲ ಸಾರಿದವಳು ನನ್ನ ಪಡಸಾಲೆಯಲ್ಲಿ ಅವರನ್ನು ಒತ್ತಾಗಿ ಕೂಡಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಬಟ್ಟೆಯ ಕಣ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಅವರು ಕಾಯುತ್ತಿದ್ದರು. ನೀನು ಮಾಳಿಗೆಯಲ್ಲಿದ್ದೆ. ಅವರಿಗೆ ಊಟಕ್ಕೆ ಹಾಕಿ ಕಳಿಸಬೇಕೆಂದು ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಹಿಂದಿನ ಮೆಟ್ಟಿಲಿನಿಂದ ಇಳಿದು ನೀನು ಸೀದಾ ಅಡಿಗೆಮನೆಯ ಬಾಗಿಲಿಗೆ ಬಂದೆ. ಗೋಡೆ ಹಿಡಿದುಕೊಂಡಿದ್ದೆ. ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು. ಬುಟ್ಟಿಯತ್ತ ನೋಡಿದೆ. ಮೊದಲಿನ ಲೀಲಾ ನೋಡುತ್ತಿದ್ದ ಹಾಗೆಯೇ ನೋಡಿದೆ — ಶಾಲೆಯಿಂದ ಬಂದು ಪಾಟಿಚೀಲ ಇಳಿಸುವುದಕ್ಕೂ ಮೊದಲು ನೋಡುತ್ತಿದ್ದೆಯಲ್ಲ, ಹಾಗೆ. ಆಮೇಲೆ ಅಂದೆ, "ಅವ್ವಾ, ಒಂದ್ ರೊಟ್ಟಿ ಕೊಡು. ಬಿಸೀದು."

ತಿಂಗಳುಗಳ ಮೇಲೆ, ಯಾರೂ ಕೇಳದೆ, ಯಾರೂ ಗದರಿಸದೆ, ನೀನಾಗಿ ಬಾಯಿಬಿಟ್ಟು ಕೇಳಿದ್ದೆ.

ನಾನು ಮೊದಲು ನೋಡಿದ್ದು ನಿನ್ನ ಮುಖವನ್ನಲ್ಲ, ಪಡಸಾಲೆಯ ಕಡೆಗೆ. ಕಾಶೀಬಾಯಿ ಬಾಗಿಲಿಗೆ ಎದುರಾಗಿಯೇ ಕೂತಿದ್ದಳು. ನೀನು ರೊಟ್ಟಿ ಮುರಿದರೆ ಅವಳಿಗೆ ಕಾಣುತ್ತಿತ್ತು. ವ್ರತ ಸುಳ್ಳಾಗುತ್ತಿತ್ತು, ನಾನು ಸುಳ್ಳಿಯಾಗುತ್ತಿದ್ದೆ. ದನಿ ತಗ್ಗಿಸಿ ಅಂದೆ:

"ತಡಿ. ಮಂದಿ ಕುಂತಾರ. ಹೋಗ್ಲಿ ಅವ್ರು."

ನೀನು ಜಗಳ ಮಾಡಲಿಲ್ಲ. ಇನ್ನೊಮ್ಮೆ ಕೇಳಲೂ ಇಲ್ಲ. "ಹ್ಞೂಂ" ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನಾನು ಬೆನ್ನು ತಿರುಗಿಸಿ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದೆ. ತಿರುಗಿ ನೋಡುವಷ್ಟರಲ್ಲಿ ನೀನು ಪಡಸಾಲೆಗೆ ಹೋಗಿ ಅವರ ನಡುವೆ ಕೂತಿದ್ದೆ. ಅವರು ಒಬ್ಬೊಬ್ಬರಾಗಿ ನಿನ್ನ ಉಡಿಗೆ ಅಕ್ಕಿ ಸುರಿದರು. ಕೊಬ್ಬರಿ ಹಾಕಿದರು, ಉತ್ತತ್ತಿ ಹಾಕಿದರು. ಹಸಿದ ಹುಡುಗಿಯ ಮಡಿಲ ತುಂಬ ಅನ್ನದ ಕಾಳು, ಮತ್ತು ಅದನ್ನು ಬಾಯಿಗೆ ಹಾಕಿಕೊಳ್ಳಬೇಡ ಎಂದು ಎದುರಿಗೆ ಕಾದು ಕೂತ ನಾವೆಲ್ಲ. ಎಂಥ ಹೆಂಗಸರು ನಾವು! ಅವರನ್ನು ಯಾಕೆ ಅನ್ನಲಿ, ಅವರಿಗೆ ಗೊತ್ತಿರಲಿಲ್ಲ.

ಅವರು ಉಂಡು, ಎಲೆ-ಅಡಿಕೆ ಹಾಕಿಕೊಂಡು, ಮಾತಾಡಿ ಏಳುವಷ್ಟರಲ್ಲಿ ಒಂದು ತಾಸು ಮೇಲಾಯಿತು. ಬಾಗಿಲು ಮುಂದೆ ಮಾಡಿದವಳೇ ಓಡಿದೆ. ಬಿಸಿ ರೊಟ್ಟಿ ಬಡಿದೆ, ಬೆಣ್ಣೆ ಸವರಿದೆ, ಶೇಂಗಾದ ಚಟ್ನಿಹಿಂಡಿ ಹಾಕಿದೆ, ತಾಟು ಹಿಡಿದು ನಿನ್ನ ಮುಂದೆ ಕೂತೆ. ನೀನು ಉಡಿಯ ಅಕ್ಕಿಯನ್ನು ಹಾಗೆಯೇ ಹಿಡಿದು ಗೋಡೆಗೆ ಒರಗಿದ್ದೆ.

"ಬ್ಯಾಡವ್ವಾ," ಎಂದೆ. "ಹ್ವಾತು."

"ಏನು ಹ್ವಾತು?"

"ಹಸಿವಿ."

ಬೇಡಿಕೊಂಡೆ, ಬೈದೆ, ಅತ್ತೆ. ನೀನು ನನ್ನ ತಲೆ ಸವರಿ, "ಅಳಬ್ಯಾಡ, ನಾಳಿ ಉಣ್ತೇನಿ" ಎಂದೆ. ಮರುದಿನ ಬೆಳಿಗ್ಗೆ ಬಚ್ಚಲಮನೆಯಲ್ಲಿ ಬಿದ್ದಿದ್ದೆ.

ನಿಮ್ಮಪ್ಪ ಔರಾದಿನಲ್ಲಿ ಲೈನ್‌ಮನ್. ಆ ತಿಂಗಳು ಬಿರುಗಾಳಿಗೆ ಚಿಂತಾಕಿಯ ಕಡೆ ಕಂಬಗಳು ಉರುಳಿ, ಮೂರು ವಾರ ಮನೆಗೆ ಬಂದಿರಲಿಲ್ಲ. ಮಗಳು ಹೇಗಿದ್ದಾಳೆ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ಆರಾಮ ಎಂದಿದ್ದೆ. ಫೋನಿನಲ್ಲಿ ನನ್ನ ಕೂಗು ಕೇಳಿ ಇಲಾಖೆಯ ಜೀಪಿನಲ್ಲಿ ಬಂದರು. ಕರೆಂಟಿನವರಿಗೆ ಓಡಾಡಲು ಪಾಸ್ ಇತ್ತು. ನಿನ್ನನ್ನು ಎತ್ತಿಕೊಂಡು ಹೊರಗೆ ಬರುವಾಗ ಕಾಶೀಬಾಯಿ ಅಡ್ಡ ಬಂದು, "ಶರಣಿಗಿ ಎಲ್ಲಿ ಒಯ್ಲಕತ್ತೀರಿ? ವ್ರತ ಮುರೀತದಲ್ರಿ" ಎಂದಳು. ಅವರು ನನ್ನತ್ತ ತಿರುಗಿದರು. "ನಮ್ಮ ಮನ್ಯಾಗ ಯಾರ್ ಉಪಾಸ ಮಾಡ್ಯಾರ? ಇದು ಮಂದಿಗಿ ಉಣ್ಸೋ ಮನಿ" ಎಂದರು. ಅಷ್ಟೇ. ಭಾಲ್ಕಿ ದಾಟಿ ಬೀದರ್ ಮುಟ್ಟುವವರೆಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಬೀದರಿನ ಆಸ್ಪತ್ರೆಯಲ್ಲಿ ಮೊದಲು ಮೂಗಿಗೆ ಕಡ್ಡಿ ಹಾಕಿ ನೋಡಬೇಕು ಎಂದರು. ಬ್ಯಾನೆಯಿಲ್ಲ ಎಂದು ಗೊತ್ತಾಗುವವರೆಗೆ ಎಲ್ಲಿಯೂ ಸೇರಿಸಿಕೊಳ್ಳುವಂತಿರಲಿಲ್ಲ. ಬೇವಿನ ಗಿಡದ ಕೆಳಗೆ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದೆವು. ನಿನ್ನ ಕೈ ತಣ್ಣಗಾಗುತ್ತಿತ್ತು. ಕಡೆಗೆ ಡಾಕ್ಟರಮ್ಮನೇ ಮೈತುಂಬ ಪ್ಲಾಸ್ಟಿಕ್ ಹೊದ್ದು ಬಂದರು. ನಿನ್ನನ್ನು ಒಳಗೆ ಕಳಿಸಿ, ನನ್ನನ್ನು ಕೂಡಿಸಿ ಒಂದೊಂದಾಗಿ ಕೇಳಿದರು. "ಇಷ್ಟ್ ದಿನದಾಗ ಒಮ್ಮಿಯಾದ್ರೂ ತಾನಾಗಿ ಊಟ ಕೇಳಿದ್ಲೇನ್ರಿ ಅಮ್ಮಾ? ನೆನಪ ಮಾಡಿ ಹೇಳ್ರಿ, ಇದು ಭಾಳ ಮುಖ್ಯ ಅದ."

ನಿಮ್ಮಪ್ಪ ಹಿಂದೆ ನಿಂತಿದ್ದರು. ನಾನು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಒಂದು ದಿನದ ಹಿಂದಿನ ಮಾತು.

"ಇಲ್ರಿ. ಒಂದ್ ದಿನಾನೂ ಕೇಳ್ಲಿಲ್ರಿ."

ಅವರು ಬರೆದುಕೊಂಡರು. ಅದು ಈಗಲೂ ನಿನ್ನ ಫೈಲಿನಲ್ಲಿ ಇರುತ್ತದೆ.

ನೀನು ಉಳಿದೆ. ಅದು ನನ್ನ ಪುಣ್ಯವಲ್ಲ, ನಿಮ್ಮಪ್ಪನದು, ಡಾಕ್ಟರಮ್ಮನದು. ಆದರೆ ಎಚ್ಚರವಾ‌ದ ಮೇಲೆ ಆ ದಿನಗಳು ನಿನ್ನ ನೆನಪಿನಲ್ಲಿ ಸರಿಯಾಗಿ ಉಳಿದಿರಲಿಲ್ಲ. ಆ ಖಾಲಿ ಜಾಗವನ್ನು ನಾನು ತುಂಬಿದೆ. ಬಂದವರೆಲ್ಲ ನಿನಗೆ ಹಟಮಾರಿ ಎಂದರು, ಅವ್ವ-ಅಪ್ಪನ ಜೀವ ತಿಂದವಳು ಎಂದರು. ನಾನು ಬಾಯಿ ಮುಚ್ಚಿಸಲಿಲ್ಲ. ನೀನು ಕಿರಿಕಿರಿ ಮಾಡಿದ ದಿನ ನಾನೂ ಅಂದಿದ್ದೇನೆ, "ನೀ ಕೇಳಿದ್ರ ನಾ ಕೊಡ್ತಿದ್ದಿಲ್ಲೇನ?" ಒಂದು ಸಲವಲ್ಲ. ಎಷ್ಟು ಸಲ ಅಂದೆನೋ.

ಮತ್ತೆ ಆ ಒಂದು ದಿನ. ಎರಡು ವರ್ಷ ಕಳೆದಿತ್ತು, ಬ್ಯಾನೆ ಹೋಗಿತ್ತು. ನಾನು ಬೇಳೆ ಆರಿಸುತ್ತ ಕೂತಿದ್ದೆ. ನೀನು ಬಾಗಿಲಲ್ಲಿ ನಿಂತು ಅನುಮಾನಿಸುತ್ತ ಕೇಳಿದೆ, "ಅವ್ವಾ, ನಾ ಒಮ್ಮಿ ಇಲ್ಲಿ ಬಂದು ನಿನಗ ರೊಟ್ಟಿ ಕೇಳಿದಂಗ ನೆನಪಾಗ್ತದ. ನೀ ಏನೋ ಅಂದಿ. ಖರೇ ಏನ್, ಕನಸೇನ್?"

ದೇವರು ಅದಕ್ಕಿಂತ ಸುಲಭದ ಅವಕಾಶ ಇನ್ನೊಂದು ಕೊಡಲಾರ. ಒಂದು "ಖರೇ" ಎಂದಿದ್ದರೆ ಸಾಕಿತ್ತು. ನಾನು ಮೊರದಿಂದ ತಲೆ ಎತ್ತಲಿಲ್ಲ.

"ಕನಸಿರಬೇಕು ತಗಿ," ಎಂದೆ.

"ಹೌದೇನೋ," ಎಂದು ನೀನು ಹೋದೆ. ರೊಟ್ಟಿ ಕೊಡದೆ ಇದ್ದದ್ದಕ್ಕಿಂತ ಇದು ದೊಡ್ಡದು. ಅದು ಅಂಜಿಕೆಯಲ್ಲಿ, ಅವಸರದಲ್ಲಿ ಬಂದ ಮಾತು. ಇದು ತಂಪು ಹೊತ್ತಿನಲ್ಲಿ, ಕಾಲು ಚಾಚಿ ಕೂತು ಆಡಿದ ಸುಳ್ಳು. ನಿನಗೆ ನಿನ್ನ ಬಗ್ಗೆ ಇದ್ದ ಒಂದೇ ಒಂದು ಒಳ್ಳೆಯ ಸಾಕ್ಷಿಯನ್ನು ನಾನು ಕಿತ್ತುಕೊಂಡೆ.

ಹೋದ ತಿಂಗಳು ನಿನ್ನೊಡನೆ ಡಾಕ್ಟರಮ್ಮನಲ್ಲಿಗೆ ಬಂದಿದ್ದೆ. ನೀನು ಈಗ ಬೀದರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೀ, ಸ್ವಂತ ಕೋಣೆ ಮಾಡಿಕೊಂಡಿದ್ದೀ, ಒಂದು ವಾರ ಚೆನ್ನಾಗಿ ಉಣ್ಣುತ್ತೀ, ಇನ್ನೊಂದು ವಾರ ಮತ್ತೆ ಜಾರುತ್ತೀ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನಗುನಗುತ್ತಲೇ ಅಂದೆ: "ಉಣ್ಬೇಕು ಅನ್ನೋ ಲೀಲಾ ಒಬ್ಬಾಕಿ ನಿನ್ನೊಳಗ ಇದ್ದೇ ಇರ್ತಾಳ, ಆಕಿನ್ನ ಹುಡುಕು ಅಂತಾರವ್ವಾ ಮೇಡಂ. ಎಷ್ಟ್ ಹುಡುಕಿದ್ರೂ ಸಿಗವಲ್ಲಳು. ಆಕಿ ನನ್ನೊಳಗ ಹುಟ್ಟೇ ಇಲ್ಲ ಅನಸ್ತದ." ಆಗಲೂ ಹೇಳಲಿಲ್ಲ. ಭಾಲ್ಕಿಯ ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿ ಬಂದುಬಿಟ್ಟೆ.

ಅವಳು ಇದ್ದಳು, ಲೀಲಾ. ನೀನು ಹುಡುಕುತ್ತಿರುವವಳನ್ನು ಕಣ್ಣಾರೆ ಕಂಡವಳು ಜಗತ್ತಿನಲ್ಲಿ ನಾನೊಬ್ಬಳೇ. ಊರಿನ ಹೆಂಗಸರೆಲ್ಲ ಉಣ್ಣಬೇಡ ಎಂದು ಕೂತಿದ್ದಾಗ, ಜಡ್ಡು ಒಳಗಿನಿಂದ ಬೇಡ ಎನ್ನುತ್ತಿದ್ದಾಗ, ಕಾಲಲ್ಲಿ ಶಕ್ತಿಯಿಲ್ಲದೆ ಗೋಡೆ ಹಿಡಿದು ಇಳಿದು ಬಂದು ಕೇಳಿದಳು. ಎಂಥ ಗಟ್ಟಿ ಹುಡುಗಿ ಅವಳು. ಅವಳನ್ನು ತಡೆದದ್ದು ಅವಳ ಜಡ್ಡಲ್ಲ.

ಇವತ್ತು ಸಂಜೆ ನಿಮ್ಮಪ್ಪನಿಗೆ ಹೇಳುತ್ತೇನೆ. ಕಾಶೀಬಾಯಿಗೂ, ಅವತ್ತು ಬಂದ ಎಲ್ಲ ಹೆಂಗಸರಿಗೂ ಮನೆ ಮನೆಗೆ ಹೋಗಿ ಹೇಳುತ್ತೇನೆ — ಮನೆ ಮನೆ ತಿರುಗುವುದು ನನಗೆ ಹೊಸದಲ್ಲ. ಗುರುವಾರ ಬೀದರಿಗೆ ಬಂದು, ಡಾಕ್ಟರಮ್ಮನ ಎದುರಿಗೆ ಈ ಕಾಗದವಿಟ್ಟು, ಫೈಲಿನ ಆ ಸಾಲನ್ನು ಹೊಡೆದುಹಾಕಿಸುತ್ತೇನೆ. ಆಗ ನೀನು ಅಲ್ಲಿ ಕೂತಿರಬಹುದು, ಎದ್ದು ಹೋಗಬಹುದು. ನನ್ನೊಡನೆ ಮಾತು ಬಿಡಬಹುದು.

ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ. ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಎನ್ನುವುದು ನಿನಗೆ ಬರುವುದಿಲ್ಲ, ಮಗಳೇ. ಅದು ಬಂದದ್ದು ನನಗೆ.